ಥಳುಕಿನ ಬೆಲೆ ತೆರುವವರು ಯಾರು?

ನಿಮ್ಮ ಮಗ ಮೊಬೈಲಿನಲ್ಲಿ ನೋಡುತ್ತಿರುವ ಹಾಡನ್ನು ಒಮ್ಮೆ ನೀವೂ ಪಕ್ಕದಲ್ಲಿ ಕುಳಿತು ನೋಡಿ. ಭಾಷೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ದೃಶ್ಯಗಳೇ ಎಲ್ಲವನ್ನೂ ಹೇಳುತ್ತವೆ. ಕೊರಳಲ್ಲಿ ಹಗ್ಗದಷ್ಟು ದಪ್ಪದ ಚಿನ್ನದ ಸರ, ಬೆರಳ ತುಂಬ ವಜ್ರದುಂಗುರ, ಹಲ್ಲಿಗೂ ಚಿನ್ನದ ಕವಚ. ಹಿಂದೆ ಸಾಲುಗಟ್ಟಿ ನಿಂತ ದುಬಾರಿ ಕಾರುಗಳು, ಕೈಯಲ್ಲಿ ಮದ್ಯದ ಬಾಟಲಿ, ಗಾಳಿಗೆ ತೂರುವ ನೋಟುಗಳು, ಸುತ್ತ ಅರೆಬಟ್ಟೆಯ ಹೆಣ್ಣುಮಕ್ಕಳು. ನಡುವೆ ನಿಂತವನು ರಾಗವಾಗಿ ಹಾಡುತ್ತಿಲ್ಲ. ತಾಳಕ್ಕೆ ತಕ್ಕಂತೆ, ಪ್ರಾಸ ಜೋಡಿಸಿ, ಬಿರುಸಾಗಿ ಮಾತಾಡುತ್ತಿದ್ದಾನೆ. ಇದೇ ರಾಪ್. ಆ ಮಾತಿನ ಸಾರಾಂಶ ಹೆಚ್ಚಾಗಿ ಒಂದೇ: ನನ್ನ ಬಳಿ ಇಷ್ಟೆಲ್ಲ ಇದೆ, ನೋಡಿ!

ಎಲ್ಲ ರಾಪ್ ಹೀಗಿಲ್ಲ. ಆದರೆ ಅತಿ ಹೆಚ್ಚು ಮಾರಾಟವಾಗುವ, ಅತಿ ಹೆಚ್ಚು ಪ್ರಚಾರ ಪಡೆಯುವ ರಾಪ್‌ನಲ್ಲಿ ಇಂತಹದ್ದೇ ಜಾಸ್ತಿ. ಇದನ್ನು ಕಂಡಾಗ ತಾಯಿ ಸಿಡುಕುವುದು, ಮಗ ಮುಖ ಊದಿಸಿಕೊಂಡು ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದು ಇಂದು ಅನೇಕ ಮನೆಗಳ ಕತೆ. ಈ ಜಗಳ ಮೊದಲು ಹುಟ್ಟಿದ್ದು ಅಮೆರಿಕದ ಕಪ್ಪುವರ್ಣೀಯರ ಮನೆಗಳಲ್ಲಿ. ಅಲ್ಲಿನ ತಾಯಂದಿರು, ವಿದ್ಯಾರ್ಥಿನಿಯರು, ಪ್ರಾಧ್ಯಾಪಕರು ಹಲವು ದಶಕಗಳಿಂದ ಇದರ ಬಗ್ಗೆ ವಾದಿಸುತ್ತಿದ್ದಾರೆ. ಸಂಗೀತ ಸಮ್ಮತವೇ ಅಲ್ಲವೇ ಎಂಬುದರಲ್ಲಿ ನಮ್ಮ ವಿದ್ವಾಂಸರ ನಡುವೆ ಇರುವ ಭಿನ್ನಾಭಿಪ್ರಾಯ ಬೇರೆಯೇ ವಿಷಯ, ಅದು ಈ ಬರಹದ ಚರ್ಚೆಯಲ್ಲ. ಇಲ್ಲಿರುವ ಪ್ರಶ್ನೆ ಸಂಪತ್ತಿನ ಪ್ರದರ್ಶನದ್ದು.

ಶಾಲೆಯ ಬಟ್ಟೆಗಾಗಿ ನಡೆದ ಕೂಟ

ಈ ಕಲೆಯ ಹುಟ್ಟಿನಲ್ಲಿ ಸಿರಿತನದ ನೆರಳೂ ಇರಲಿಲ್ಲ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡ ಪ್ರದೇಶ. 1970ರ ದಶಕದಲ್ಲಿ ಅಲ್ಲಿನ ಎಷ್ಟೋ ಕಟ್ಟಡಗಳನ್ನು ಮಾಲೀಕರು ಪಾಳು ಬಿಟ್ಟಿದ್ದರು, ಎಷ್ಟೋ ಕಟ್ಟಡಗಳು ಬೆಂಕಿಗೆ ಆಹುತಿಯಾಗಿದ್ದವು. 1973ರ ಆಗಸ್ಟ್ 11ರಂದು ಅಲ್ಲಿನ ಸೆಡ್‌ವಿಕ್ ಅವೆನ್ಯೂದ ವಸತಿ ಕಟ್ಟಡವೊಂದರಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಕೂಟ ಏರ್ಪಡಿಸಿದಳು. ಉದ್ದೇಶ, ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆ ಕೊಳ್ಳಲು ಒಂದಿಷ್ಟು ಹಣ ಕೂಡಿಸುವುದು. ಪ್ರವೇಶ ಶುಲ್ಕ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡ್ ನುಡಿಸಿದವನು ಆಕೆಯ ಅಣ್ಣ, ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್. ಆತ ಹಾಡಿನ ತಾಳದ ತುಣುಕುಗಳನ್ನಷ್ಟೇ ಮತ್ತೆ ಮತ್ತೆ ನುಡಿಸಿ, ಅದರ ಮೇಲೆ ಮಾತು ಹೊಸೆಯುತ್ತಿದ್ದ. ಹಿಪ್‌ಹಾಪ್ ಹುಟ್ಟಿದ್ದು ಇಲ್ಲಿ ಎಂದು ಜಗತ್ತು ಇಂದು ಆ ದಿನವನ್ನು ನೆನೆಯುತ್ತದೆ.

1979ರಲ್ಲಿ ಸಿಲ್ವಿಯಾ ರಾಬಿನ್ಸನ್ ಎಂಬ ಮಹಿಳೆ ಹೊರತಂದ ಶುಗರ್‌ಹಿಲ್ ಗ್ಯಾಂಗ್‌ನ ಹಾಡು ರಾಪ್ ಅನ್ನು ಬಡಾವಣೆಯಿಂದ ರೇಡಿಯೋಗೆ ಮುಟ್ಟಿಸಿತು. ಅದರಲ್ಲೇ ಕಾರು, ಕಲರ್ ಟಿವಿಗಳ ಜಂಬ ಇತ್ತು. ಮೂರು ವರ್ಷಗಳ ನಂತರ, 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ 'ದಿ ಮೆಸೇಜ್' ಬಂತು. ಅದು ಕೊಳೆಗೇರಿಯ ಬದುಕಿನ ಉಸಿರುಗಟ್ಟುವ ಚಿತ್ರ. ಜಂಬ ಮತ್ತು ಗೋಳು ಎರಡೂ ಮೊದಲಿನಿಂದಲೇ ಒಟ್ಟಿಗಿದ್ದವು. ಮುಂದೆ ಯಾವುದು ಬೆಳೆಯಿತು, ಏಕೆ ಬೆಳೆಯಿತು ಎಂಬುದೇ ವಿವಾದ.

ಹೆಮ್ಮೆಯೋ, ಹಮ್ಮೋ?

ಸಮರ್ಥಕರ ಮಾತನ್ನು ಮೊದಲು ಕೇಳೋಣ. ಅವರ ವಾದ ತಳ್ಳಿಹಾಕುವಂತಹದ್ದಲ್ಲ. ಗುಲಾಮರಾಗಿ ಸಾಗಿಸಲ್ಪಟ್ಟವರ ಮೊಮ್ಮಕ್ಕಳು ಇವರು. ಇವರ ಬಡಾವಣೆಗಳಿಗೆ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ, ಒಳ್ಳೆಯ ಕೇರಿಗಳಲ್ಲಿ ಮನೆ ಸಿಗುತ್ತಿರಲಿಲ್ಲ. 'ನಿನ್ನಿಂದ ಏನೂ ಆಗದು' ಎಂಬ ಮಾತು ಕೇಳುತ್ತಲೇ ಬೆಳೆದ ಹುಡುಗ ಚಿನ್ನದ ಸರ ತೊಟ್ಟು ನಿಂತಾಗ, 'ನೋಡಿ, ಆಯಿತು' ಎಂದು ಸಾರುತ್ತಿರುತ್ತಾನೆ. ತಲೆಮಾರುಗಳಿಂದ ಸಿರಿವಂತರಾದವರ ಬಂಗಲೆಯನ್ನು ಅಭಿರುಚಿ ಎನ್ನುವ ಸಮಾಜ, ನಿನ್ನೆ ಮೊನ್ನೆ ದುಡಿದವನ ಸರವನ್ನು ಮಾತ್ರ ದುರಹಂಕಾರ ಎನ್ನುವುದೇಕೆ ಎಂದು ಅವರು ಕೇಳುತ್ತಾರೆ.

ಇದಕ್ಕೆ ಜೇ-ಝೀಯ ಉದಾಹರಣೆ ಕೊಡುತ್ತಾರೆ. ಬ್ರೂಕ್ಲಿನ್‌ನ ಮಾರ್ಸಿ ಎಂಬ ಸರಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದ ಈತನನ್ನು 2019ರಲ್ಲಿ 'ಫೋರ್ಬ್ಸ್' ಪತ್ರಿಕೆ ನೂರು ಕೋಟಿ ಡಾಲರ್ ಮುಟ್ಟಿದ ಮೊದಲ ರಾಪ್ ಕಲಾವಿದ ಎಂದು ಹೆಸರಿಸಿತು. ಅದಕ್ಕೂ ಮುಂಚೆ, 1986ರಲ್ಲಿ, ರನ್-ಡಿಎಂಸಿ ತಂಡ ಅಡಿಡಾಸ್ ಬೂಟಿನ ಬಗ್ಗೆ ಹಾಡಿದಾಗ ಆ ಕಂಪೆನಿ ಅವರೊಂದಿಗೆ ಜಾಹೀರಾತು ಒಪ್ಪಂದ ಮಾಡಿಕೊಂಡಿತ್ತು. ಬೀದಿಯ ಹುಡುಗರ ಮಾತಿಗೂ ಬೆಲೆಯಿದೆ ಎಂದು ಮಾರುಕಟ್ಟೆಗೆ ಅರಿವಾದದ್ದು ಆಗ.

ವಿರೋಧಿಗಳು ಬೆರಳಿಡುವುದೂ ಇಲ್ಲಿಯೇ. ಹಾಡು ಎಲ್ಲಿ ಮುಗಿಯುತ್ತದೆ, ಜಾಹೀರಾತು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದಂತಾಯಿತು. ಬೂಟಿನ ಜಾಗಕ್ಕೆ ಕಾರು ಬಂತು, ಕಾರಿನ ಪಕ್ಕಕ್ಕೆ ಮದ್ಯ ಬಂತು. 1999ರ ಒಂದು ರಾಪ್ ಹಾಡಿನಿಂದ ಜನಪ್ರಿಯವಾದ 'ಬ್ಲಿಂಗ್ ಬ್ಲಿಂಗ್' ಎಂಬ ಪದ, ಅಂದರೆ ಒಡವೆಯ ಝಗಮಗ, ಆಕ್ಸ್‌ಫರ್ಡ್ ನಿಘಂಟನ್ನೂ ಸೇರಿತು.

ಬ್ರೌನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಟ್ರಿಶಿಯಾ ರೋಸ್ 2008ರ ತಮ್ಮ ಪುಸ್ತಕದಲ್ಲಿ ಎರಡೂ ಕಡೆಯವರನ್ನು ತರಾಟೆಗೆ ತೆಗೆದುಕೊಂಡಿದ್ದಾರೆ. ರಾಪ್ ಕಪ್ಪುವರ್ಣೀಯರ ಸಂಸ್ಕೃತಿಯನ್ನೇ ಕೆಡಿಸಿತು ಎನ್ನುವವರು ಬಡತನದ ಮೂಲವನ್ನು ಮರೆಯುತ್ತಾರೆ. ಇದು ಕೇವಲ ನಮ್ಮ ವಾಸ್ತವ ಎನ್ನುವವರು ಲಾಭ ಮಾಡಿಕೊಳ್ಳುವ ಕಂಪೆನಿಗಳನ್ನು ಮರೆಯುತ್ತಾರೆ. 1996ರ ಕಾನೂನು ಬದಲಾವಣೆಯ ನಂತರ ಅಮೆರಿಕದ ನೂರಾರು ರೇಡಿಯೋ ಕೇಂದ್ರಗಳು ಕೆಲವೇ ಒಡೆಯರ ಪಾಲಾದವು. ಆಗ ಮಾರಾಟವಾಗುವ ಒಂದೇ ಬಗೆಯ ಹಾಡು ಎಲ್ಲೆಡೆ ಮೊಳಗಿತು, ಉಳಿದ ದನಿಗಳು ಅಡಗಿದವು ಎಂಬುದು ಅವರ ವಿಶ್ಲೇಷಣೆ.

ವಿದ್ಯಾರ್ಥಿನಿಯರು ಕೇಳಿದ ಪ್ರಶ್ನೆ

ಸಿರಿಯ ಪ್ರದರ್ಶನದಲ್ಲಿ ಕಾರು, ಒಡವೆಗಳ ಜೊತೆ ಹೆಣ್ಣೂ ಒಂದು ಸರಕಾದಳು. ಇದನ್ನು ಮೊದಲು ಪ್ರತಿಭಟಿಸಿದವರು ಕಪ್ಪುವರ್ಣೀಯ ಮಹಿಳೆಯರೇ. 2004ರಲ್ಲಿ ನೆಲ್ಲಿ ಎಂಬ ಗಾಯಕನ ಸಂಸ್ಥೆ ಅಟ್ಲಾಂಟಾದ ಸ್ಪೆಲ್ಮನ್ ಮಹಿಳಾ ಕಾಲೇಜಿನಲ್ಲಿ ಅಸ್ಥಿಮಜ್ಜೆ ದಾನಿಗಳ ನೋಂದಣಿ ಶಿಬಿರ ನಡೆಸಬೇಕಿತ್ತು. ಆತನ ಅಕ್ಕನಿಗೆ ರಕ್ತದ ಕ್ಯಾನ್ಸರ್. ಆದರೆ ಅದೇ ಗಾಯಕನ ಒಂದು ವಿಡಿಯೋದಲ್ಲಿ ಹೆಣ್ಣಿನ ದೇಹದ ಮೇಲೆ ಕ್ರೆಡಿಟ್ ಕಾರ್ಡ್ ಉಜ್ಜುವ ದೃಶ್ಯವಿತ್ತು. ಶಿಬಿರ ಬೇಡವೆಂದು ವಿದ್ಯಾರ್ಥಿನಿಯರು ಹೇಳಲಿಲ್ಲ. ಬನ್ನಿ, ಆದರೆ ಆ ದೃಶ್ಯದ ಬಗ್ಗೆ ನಮ್ಮೊಂದಿಗೆ ಕುಳಿತು ಮಾತಾಡಿ ಎಂದರು. ಕೊನೆಗೆ ಆ ಸಂಸ್ಥೆ ಕಾಲೇಜಿನಲ್ಲಿ ಶಿಬಿರ ನಡೆಸಲೇ ಇಲ್ಲ. ಮರುವರ್ಷ ಆ ಅಕ್ಕ ತೀರಿಕೊಂಡರು.

ಯಾರು ಸರಿ? ಒಂದು ಜೀವಕ್ಕಿಂತ ವಿಡಿಯೋ ದೊಡ್ಡದೇ ಎಂದು ಕೆಲವರು ಕೇಳಿದರು. ನಮ್ಮ ಮೈಯನ್ನು ಅಪಮಾನಿಸಿ, ಅದೇ ಮೈಯ ಮಜ್ಜೆಯನ್ನು ಕೇಳುವುದೇ ಎಂದು ಇನ್ನು ಕೆಲವರು ಕೇಳಿದರು. ಎರಡೂ ನೋವಿನ ಮಾತುಗಳೇ. ಆ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ಕಪ್ಪುವರ್ಣೀಯ ಮಹಿಳೆಯರ ಮಾಸಪತ್ರಿಕೆ 'ಎಸೆನ್ಸ್' 2005ರಲ್ಲಿ ಸಂಗೀತದಲ್ಲಿನ ಸ್ತ್ರೀನಿಂದನೆಯ ವಿರುದ್ಧ ಅಭಿಯಾನವನ್ನೇ ಆರಂಭಿಸಿತು. ಒಂದು ಮಹಿಳಾ ಪತ್ರಿಕೆಯ ಓದುಗರು ಏನು ಮಾಡಬಲ್ಲರು ಎಂಬುದಕ್ಕೆ ಇದೊಂದು ನಿದರ್ಶನ.

ವಜ್ರದ ಹಿಂದಿನ ಕೈಗಳು

ಇನ್ನು, ಆ ವಜ್ರಗಳು ಎಲ್ಲಿಂದ ಬಂದವು? ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಪುಟ್ಟ ದೇಶ. ಅಲ್ಲಿನ ವಜ್ರದ ಗಣಿಗಳನ್ನು ವಶಪಡಿಸಿಕೊಂಡ ಬಂಡುಕೋರರು ಆ ಹಣದಿಂದ ಶಸ್ತ್ರಾಸ್ತ್ರ ಕೊಂಡರು. 1991ರಿಂದ 2002ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸುಮಾರು 50 ಸಾವಿರ ಜನ ಸತ್ತರು. ಮಕ್ಕಳ ಕೈಗೆ ಬಂದೂಕು ಕೊಡಲಾಯಿತು, ಅಮಾಯಕರ ಕೈಗಳನ್ನೇ ಕತ್ತರಿಸಲಾಯಿತು. ಇಂತಹ 'ರಕ್ತದ ವಜ್ರ'ಗಳನ್ನು ತಡೆಯಲೆಂದು 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆ ಎಂಬ ಅಂತಾರಾಷ್ಟ್ರೀಯ ವ್ಯವಸ್ಥೆ ಜಾರಿಗೆ ಬಂತು.

2005ರಲ್ಲಿ ಕಾನ್ಯೆ ವೆಸ್ಟ್ ಈ ವಿಷಯವನ್ನು ತನ್ನ ಹಾಡಿಗೆ ತಂದ. ವಜ್ರದ ಹಿಂದಿನ ಕ್ರೌರ್ಯ ತಿಳಿದೂ ಅದನ್ನು ಕಳಚಿಡಲಾಗದ ತನ್ನ ತೊಳಲಾಟವನ್ನು ಅದರಲ್ಲಿ ತೋಡಿಕೊಂಡ. 2007ರಲ್ಲಿ ನಿರ್ದೇಶಕಿ ರಾಕೆಲ್ ಸೆಪೆಡಾ ಕೆಲವು ರಾಪ್ ಗಾಯಕರನ್ನು ಸಿಯೆರಾ ಲಿಯೋನ್‌ಗೇ ಕರೆದೊಯ್ದು ಸಾಕ್ಷ್ಯಚಿತ್ರ ತಯಾರಿಸಿದರು. ಒಡವೆ ತೊಟ್ಟವರು ಗಣಿಯ ಕೆಸರಲ್ಲಿ ದುಡಿಯುವವರನ್ನು ಕಣ್ಣಾರೆ ಕಂಡರು.

ಇದೇ ದೇಶದ ಇನ್ನೊಂದು ಕತೆಯನ್ನೂ ಕೇಳಿ. ಯುದ್ಧದಲ್ಲಿ ಬಾಲ ಸೈನಿಕನಾಗಿದ್ದ ಇಷ್ಮಾಯೆಲ್ ಬೇಯಾ 2007ರಲ್ಲಿ ತಮ್ಮ ಆತ್ಮಕತೆ ಬರೆದರು. ಹುಡುಗನಾಗಿದ್ದಾಗ ಅವರಿಗೆ ರಾಪ್ ಎಂದರೆ ಪ್ರಾಣ. ಊರು ಬಿಟ್ಟು ಅಲೆಯುತ್ತಿದ್ದಾಗ ಹಳ್ಳಿಯವರು ಅವರನ್ನೂ ಗೆಳೆಯರನ್ನೂ ಬಂಡುಕೋರರೆಂದು ಶಂಕಿಸಿ ಹಿಡಿದರು. ಜೇಬಿನಲ್ಲಿ ರಾಪ್ ಕ್ಯಾಸೆಟ್ ಸಿಕ್ಕಿತು. ಅದನ್ನು ಹಾಕಿಸಿ, ಹುಡುಗ ಹಾಡಿ ಕುಣಿದು ತೋರಿಸಿದಾಗ, ಇವರು ಬರೀ ಮಕ್ಕಳೆಂದು ಅರಿತ ಹಳ್ಳಿಯವರು ಬಿಟ್ಟುಬಿಟ್ಟರಂತೆ. ಪ್ರಾಸ ಜೋಡಿಸಿ ಮಾತಾಡುವ ಕಲೆಯೇ ಬೇರೆ, ಅದರ ಕೊರಳಿಗೆ ಬಿದ್ದ ಸರವೇ ಬೇರೆ ಎಂಬುದನ್ನು ಈ ಕತೆಗಿಂತ ಚೆನ್ನಾಗಿ ಯಾವುದೂ ಹೇಳಲಾರದು.

ಸಾಲದ ಸಿರಿ

ತೋರಿಸುವ ಸಿರಿಯೆಲ್ಲ ನಿಜವೂ ಅಲ್ಲ. ವಿಡಿಯೋಗಳಲ್ಲಿ ಕಾಣುವ ಕಾರು, ಒಡವೆಗಳು ಎಷ್ಟೋ ಸಲ ಬಾಡಿಗೆಯವು. 1990ರ ಸುಮಾರಿಗೆ ಜಗತ್ತನ್ನೇ ಕುಣಿಸಿದ ಎಂ.ಸಿ. ಹ್ಯಾಮರ್ ಭಾರೀ ಬಂಗಲೆ ಕಟ್ಟಿಸಿ, ದೊಡ್ಡ ಪರಿವಾರವನ್ನೇ ಸಾಕಿ, 1996ರಲ್ಲಿ ಒಂದು ಕೋಟಿ ಡಾಲರ್‌ಗೂ ಮಿಕ್ಕಿದ ಸಾಲದೊಂದಿಗೆ ದಿವಾಳಿ ಅರ್ಜಿ ಹಾಕಿದ. 2015ರಲ್ಲಿ ದಿವಾಳಿ ಅರ್ಜಿ ಹಾಕಿದ ಫಿಫ್ಟಿ ಸೆಂಟ್ ಎಂಬ ಗಾಯಕ, ಆಮೇಲೂ ನೋಟಿನ ಕಟ್ಟುಗಳ ಜೊತೆ ಫೋಟೋ ಹಾಕುತ್ತಿದ್ದ. ನ್ಯಾಯಾಧೀಶರು ವಿವರಣೆ ಕೇಳಿದಾಗ ಬಂದ ಉತ್ತರವೇನು ಗೊತ್ತೇ? ಅದು ಚಿತ್ರೀಕರಣಕ್ಕೆ ಬಳಸುವ ನಕಲಿ ಹಣ! ಆ ನೋಟಿನ ಕಟ್ಟು ಕಂಡು ಎಷ್ಟು ಹುಡುಗರು ತಮ್ಮ ತಂದೆಯ ದುಡಿಮೆಯನ್ನು ತುಚ್ಛವಾಗಿ ಕಂಡಿರಬಹುದು, ಯೋಚಿಸಿ.

ಕಾರೂನನ ಮೆರವಣಿಗೆ

ಇದೆಲ್ಲ ನಮಗೆ ಹೊಸತಲ್ಲ. ಪವಿತ್ರ ಕುರ್‌ಆನಿನ ಸೂರಃ ಅಲ್ ಕಸಸ್‌ನಲ್ಲಿ ಕಾರೂನನ ವೃತ್ತಾಂತವಿದೆ. ಪ್ರವಾದಿ ಮೂಸಾ(ಅ)ರ ಜನಾಂಗದವನಾದ ಈತನ ಖಜಾನೆಯ ಕೀಲಿಕೈಗಳೇ ಬಲಿಷ್ಠರ ತಂಡಕ್ಕೂ ಭಾರವಾಗಿದ್ದವು. ಸಂಪತ್ತು ತನ್ನ ಸ್ವಂತ ಜಾಣ್ಮೆಯಿಂದಲೇ ಬಂತೆಂಬ ಹಮ್ಮು ಆತನದು. ಒಂದು ದಿನ ಆತ ಸಕಲ ಆಡಂಬರದೊಂದಿಗೆ ಜನರ ಮುಂದೆ ಮೆರೆದ. ಆಗಲೂ ಅಭಿಪ್ರಾಯ ಎರಡಾಯಿತು. ಇಹದ ಬದುಕನ್ನೇ ಬಯಸಿದವರು ನಮಗೂ ಇಷ್ಟು ಸಿಗಬಾರದಿತ್ತೇ ಎಂದು ಕರುಬಿದರು. ಜ್ಞಾನವುಳ್ಳವರು ಅವರನ್ನು ಎಚ್ಚರಿಸಿದರು. ಕಾರೂನ್ ತನ್ನ ಮನೆಯ ಸಮೇತ ಭೂಮಿಯೊಳಗೆ ಹುದುಗಿಹೋದ ಮೇಲೆಯೇ ಕರುಬಿದವರ ಕಣ್ಣು ತೆರೆದದ್ದು.

ಇಸ್ಲಾಮ್ ಸಂಪತ್ತಿನ ವೈರಿಯಲ್ಲ. ಹಝ್ರತ್ ಖದೀಜಾ(ರ) ಹೆಸರಾಂತ ವ್ಯಾಪಾರಿಯಾಗಿದ್ದರು, ತಮ್ಮ ಸಂಪತ್ತನ್ನು ಸತ್ಯದ ದಾರಿಯಲ್ಲಿ ವ್ಯಯಿಸಿದರು. ಬರಿಗೈಯಲ್ಲಿ ಮದೀನಾಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ), ಅನ್ಸಾರಿ ಸಹೋದರ ಅರ್ಧ ಆಸ್ತಿ ಕೊಡಲು ಮುಂದಾದಾಗ, ಮಾರುಕಟ್ಟೆಯ ದಾರಿ ತೋರಿಸಿ ಸಾಕು ಎಂದರು. ದುಡಿದು ಸಿರಿವಂತರಾದರು, ದಾನದಲ್ಲಿ ಹೆಸರಾದರು. ಬಡತನದಿಂದ ಮೇಲೆ ಬಂದವನ ಹೆಮ್ಮೆಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ನೀವು ಏನು ಮಾಡಬಹುದು?

ಮೊಬೈಲ್ ಕಿತ್ತುಕೊಂಡರೆ ಹಾಡು ನಿಲ್ಲದು, ಗೆಳೆಯನ ಮೊಬೈಲಿನಲ್ಲಿ ಮುಂದುವರಿಯುತ್ತದೆ. ಅದರ ಬದಲು ಕುಳಿತು ಕೇಳಿ: ಮಗೂ, ಈ ಒಡವೆ ಯಾರದ್ದು? ಇದರ ಬೆಲೆ ಯಾರು ತೆತ್ತರು? ಈ ಹುಡುಗಿಯರು ಇಲ್ಲಿ ಏಕಿದ್ದಾರೆ? ಈ ಹಾಡು ನಿನಗೆ ಏನನ್ನು ಮಾರುತ್ತಿದೆ? ರಾಪ್ ಎಂದರೆ ಇಷ್ಟೇ ಅಲ್ಲ ಎಂಬುದನ್ನೂ ತಿಳಿಸಿ. ಈಗ ಯಾಸೀನ್ ಬೇ ಎಂದು ಕರೆಸಿಕೊಳ್ಳುವ ಮುಸ್ಲಿಮ್ ಕಲಾವಿದ 1999ರಲ್ಲಿ ತನ್ನ ಆಲ್ಬಮನ್ನು ಆರಂಭಿಸಿದ್ದು ಬಿಸ್ಮಿಲ್ಲಾದಿಂದ. 2005ರಲ್ಲಿ ಇಸ್ಲಾಮ್ ಸ್ವೀಕರಿಸಿದ ಬ್ರಿಟನ್ನಿನ ಇಬ್ಬರು ಯುವತಿಯರು 'ಪೊಯೆಟಿಕ್ ಪಿಲ್ಗ್ರಿಮೇಜ್' ಹೆಸರಿನಲ್ಲಿ ಹಿಜಾಬ್ ಧರಿಸಿಯೇ ರಾಪ್ ಮಾಡಿ ಹೆಸರಾದರು. ಅವರನ್ನು ಒಪ್ಪಿದವರೂ ಇದ್ದಾರೆ, ಟೀಕಿಸಿದವರೂ ಇದ್ದಾರೆ. ಮುಂಬೈಯ ಕುರ್ಲಾದ ನೇಝಿ ಎಂಬ ಯುವಕ 2014ರಲ್ಲಿ ಐಪ್ಯಾಡ್ ಒಂದರಲ್ಲೇ ಚಿತ್ರೀಕರಿಸಿದ ಹಾಡಿನಿಂದ ಮನೆಮಾತಾದ. 2019ರ 'ಗಲ್ಲಿ ಬಾಯ್' ಸಿನಿಮಾಕ್ಕೆ ಪ್ರೇರಣೆಯಾದವರಲ್ಲಿ ಆತನೂ ಒಬ್ಬ. ಇವರ್‍ಯಾರಿಗೂ ಗಮನ ಸೆಳೆಯಲು ವಜ್ರದ ಸರ ಬೇಕಾಗಲಿಲ್ಲ.

ಆದರೆ ಸಹೋದರಿಯರೇ, ಮಕ್ಕಳನ್ನು ಪ್ರಶ್ನಿಸುವ ಮುನ್ನ ನಮ್ಮ ಮದುವೆ ಹಾಲ್‌ಗಳತ್ತಲೂ ಕಣ್ಣು ಹಾಯಿಸೋಣ. ಸೊಂಟದವರೆಗೆ ಇಳಿಬಿದ್ದ ಚಿನ್ನ, ಬಾಡಿಗೆಗೆ ತಂದ ಐಶಾರಾಮಿ ಕಾರು, ಡ್ರೋನ್ ಹಾರಿಸಿ ತೆಗೆದ ವಿಡಿಯೋ, ಎಲೆಯಲ್ಲೇ ಉಳಿದ ಬಿರಿಯಾನಿ. ಅದರ ಹಿಂದೆ ಮನೆ ಅಡವಿಟ್ಟ ತಂದೆ, ಗಲ್ಫಿನ ಬಿಸಿಲಲ್ಲಿ ಇನ್ನೆರಡು ವರ್ಷ ಹೆಚ್ಚು ದುಡಿಯಬೇಕಾದ ಅಣ್ಣ. ಅಮೆರಿಕದ ಗಾಯಕನಿಗಾದರೋ ಆತನ ಪ್ರದರ್ಶನದಿಂದ ಹಣ ಬರುತ್ತದೆ. ನಮ್ಮ ಪ್ರದರ್ಶನದಿಂದ ಬರುವುದು ಸಾಲ ಮಾತ್ರ. ಪಕ್ಕದ ಮನೆಯ ಬಡ ಹುಡುಗಿಯ ಕಣ್ಣೀರು ಬೇರೆ.

'ಇದರ ಬೆಲೆ ಯಾರು ತೆತ್ತರು?' ಎಂದು ನೀವು ಕೇಳಿದಾಗ, ನಿಮ್ಮ ಮಗ ತಲೆಯೆತ್ತಿ, 'ಉಮ್ಮಾ, ಅಕ್ಕನ ಮದುವೆಯ ಚಿನ್ನದ್ದು?' ಎಂದು ಕೇಳಿದರೆ ಗದರಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿ.