ವಿಮಾ ಕಂಪನಿ ‘ಇಲ್ಲ’ ಎಂದರೆ ಔಷಧಿಯ ಹಣ ಸಿಗುವುದೇ ಇಲ್ಲವೇ?

‘ಕ್ಯಾನ್ಸರ್ ಮಾತ್ರೆಗೆ ವಿಮೆ ಸಿಗಲ್ಲ, ಕಂಪನಿ ತಿರಸ್ಕರಿಸಿದರೆ ಮುಗೀತು’ ಎಂಬ ಮಾತು ನೀವೂ ಕೇಳಿರಬಹುದು. ಎರಡೂ ಪೂರ್ತಿ ನಿಜವಲ್ಲ.

ನಾವು ನಿಯಮಗಳನ್ನು ನೋಡಿದೆವು. ವಿಮಾ ನಿಯಂತ್ರಕ ಐಆರ್‌ಡಿಎಐನ 2019ರ ಮಾರ್ಗಸೂಚಿಯಂತೆ, ಬಾಯಿಯ ಮೂಲಕ ಕೊಡುವ ಕೀಮೋಥೆರಪಿಯನ್ನು ಆರೋಗ್ಯ ವಿಮೆಯಿಂದ ಪೂರ್ತಿ ಹೊರಗಿಡುವಂತಿಲ್ಲ. ಮೊತ್ತಕ್ಕೆ ಮಿತಿ ಇರಬಹುದು, ಅಷ್ಟೇ.

ಕ್ಲೇಮ್ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ಈ ಔಷಧಿ ಏಕೆ ಬೇಕು ಎಂಬ ವೈದ್ಯರ ಪತ್ರ ಲಗತ್ತಿಸಿ, ಕಂಪನಿಯ ದೂರು ವಿಭಾಗಕ್ಕೆ ಕಳುಹಿಸಿ. ರೋಗಿ ಹಾಸಿಗೆಯಲ್ಲಿದ್ದರೆ ಮನೆಯವರೇ ಬರೆಯಲಿ, ಪಾಲಿಸಿದಾರರ ಸಹಿ ಇರಲಿ.

ತಿಂಗಳಾದರೂ ಉತ್ತರ ಬರಲಿಲ್ಲವೇ? ಉತ್ತರ ಒಪ್ಪಿಗೆಯಾಗಲಿಲ್ಲವೇ? ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ಅವರ ತೀರ್ಪನ್ನು ಕಂಪನಿ ಪಾಲಿಸಲೇಬೇಕು.

ಹಣದ ಚಿಂತೆಯಲ್ಲಿ ಮಾತ್ರೆ ನಿಲ್ಲಿಸುವ ಮೊದಲು ಈ ದಾರಿ ನೆನಪಿರಲಿ.