ಬೇಯಿಸದ ಓಟ್ಸ್ ಉಂಡೆ: ಹುರಿಯುವುದನ್ನು ಮರೆಯದಿರಿ, ಮಿತಿಯನ್ನು ಮೀರದಿರಿ

ಸಂಜೆಯ ಕಾಫಿಯೊಡನೆ ಬಿಸ್ಕತ್ತು, ಬೇಕರಿಯ ಬನ್ನು, ಕರಿದ ತಿಂಡಿಗಳನ್ನು ಸೇವಿಸುವ ರೂಢಿ ನಮ್ಮ ಮನೆಗಳಲ್ಲಿ ನೆಲೆಯೂರಿ ಬಹಳ ಕಾಲವಾಯಿತು. ಅದರ ಬದಲಿಗೆ ಓಟ್ಸ್, ಖರ್ಜೂರ, ಕಡಲೆಕಾಯಿ ಬೀಜ ಸೇರಿಸಿ ಬೇಯಿಸದೆ, ಕರಿಯದೆ, ಪಾಕ ಹಿಡಿಯದೆ ಉಂಡೆ ಕಟ್ಟುವ ಪದ್ಧತಿ ಈಚೆಗೆ ಬಾಳ್ಳುಪೇಟೆ, ಆಲೂರು, ಸಕಲೇಶಪುರದ ಕಡೆಗೂ ಬಂದಿರುವುದು ಸಂತೋಷದ ಸಂಗತಿ. ಆದರೆ ‘ಓಟ್ಸ್ ಆರೋಗ್ಯಕರ’ ಎಂಬ ಒಂದೇ ಮಾತನ್ನು ನಂಬಿ, ಮಧುಮೇಹವುಳ್ಳ ಹಿರಿಯರು ದಿನಕ್ಕೆ ನಾಲ್ಕೈದು ಉಂಡೆಗಳನ್ನು ತಿಂದು, ಹೊಟ್ಟೆಯುಬ್ಬರವೆಂದೋ ರಕ್ತದ ಸಕ್ಕರೆ ಏರಿತೆಂದೋ ವೈದ್ಯರಲ್ಲಿಗೆ ಬರುವುದೂ ಉಂಟು. ಇದರಲ್ಲಿ ಓಟ್ಸಿನ ದೋಷವಿಲ್ಲ. ತಯಾರಿಸುವ ಕ್ರಮವನ್ನೂ ಸೇವಿಸುವ ಮಿತಿಯನ್ನೂ ತಿಳಿಯದಿರುವುದೇ ಕಾರಣ.

ಹೊಸ ಧಾನ್ಯ, ಹಳೆಯ ಕ್ರಮ

ಬೇಯಿಸದ ಉಂಡೆ ನಮಗೆ ಹೊಸತಲ್ಲ. ಶಿವರಾತ್ರಿಯ ತಂಬಿಟ್ಟು, ಬೆಲ್ಲ ಬೆರೆಸಿ ಕಲಸುವ ರಾಗಿ ಹುರಿಹಿಟ್ಟು ಇದೇ ಜಾತಿಯವು. ಹುರಿದ ಧಾನ್ಯದ ಹಿಟ್ಟನ್ನು ಆಯುರ್ವೇದವು ‘ಸಕ್ತು’ ಎಂದು ಕರೆದು, ಅದರ ಗುಣದೋಷಗಳನ್ನು ವಿವರವಾಗಿ ಹೇಳಿದೆ. ಪ್ರಾಚೀನರು ಸಕ್ತುವಿಗೆ ಬಹುವಾಗಿ ಬಳಸುತ್ತಿದ್ದುದು ಯವವನ್ನು, ಅಂದರೆ ಜವೆಗೋಧಿಯನ್ನು. ಓಟ್ಸ್ ಕೂಡ ಹುಲ್ಲಿನ ಕುಲಕ್ಕೇ ಸೇರಿದ ಧಾನ್ಯ. ಬೀಟಾ ಗ್ಲುಕಾನ್ ಎಂಬ ಕರಗುವ ನಾರು ಇವೆರಡರಲ್ಲಿಯೂ ಸಮೃದ್ಧವಾಗಿದೆ. ಆದುದರಿಂದ ಸಕ್ತುವಿಗೆ ಹೇಳಿದ ನಿಯಮಗಳನ್ನು ಓಟ್ಸ್ ಉಂಡೆಗೂ ಅನ್ವಯಿಸಬಹುದು.

ಅಂಗಡಿಯಲ್ಲಿ ದೊರೆಯುವ ಅವಲಕ್ಕಿಯಂತಹ ಚಪ್ಪಟೆ ಓಟ್ಸ್ ಹಬೆಯಲ್ಲಿ ಬೆಂದು, ಉರುಳೆಯ ನಡುವೆ ಒತ್ತಲ್ಪಟ್ಟದ್ದು. ಆ ಕಾರಣದಿಂದಲೇ ಅದನ್ನು ಮತ್ತೆ ಬೇಯಿಸದೆ ಉಂಡೆ ಮಾಡಲು ಸಾಧ್ಯ. ನುಚ್ಚಿನಂತಿರುವ ಗಟ್ಟಿ ಓಟ್ಸ್ ಇದಕ್ಕೆ ಸಲ್ಲದು; ಉಪ್ಪು, ಮಸಾಲೆ ಬೆರೆತ ಪೊಟ್ಟಣವೂ ಬೇಡ. ಹಬೆಯಲ್ಲಿ ಬೆಂದಿದ್ದರೂ ಓಟ್ಸನ್ನು ಹುರಿದೇ ಬಳಸಬೇಕು. ಹುರಿಯುವುದರಿಂದ ಧಾನ್ಯದ ತೇವಾಂಶ ಹೋಗಿ ಅದು ಲಘುವಾಗುತ್ತದೆ, ಪರಿಮಳ ಬರುತ್ತದೆ, ಬೇಗ ಕೆಡುವುದಿಲ್ಲ. ಒಲೆಯಲ್ಲಿ ಆಗಬೇಕಾದ ಕೆಲಸವನ್ನು ಜಠರಾಗ್ನಿಯ ಮೇಲೆ ಹೊರಿಸಬಾರದು.

ಬೇಕಾಗುವ ಸಾಮಗ್ರಿ (ಸುಮಾರು 15 ಉಂಡೆಗಳಿಗೆ)

ಚಪ್ಪಟೆ ಓಟ್ಸ್ 100 ಗ್ರಾಂ
ಕಡಲೆಕಾಯಿ ಬೀಜ 50 ಗ್ರಾಂ
ಹುರಿಗಡಲೆ 30 ಗ್ರಾಂ
ಎಳ್ಳು 20 ಗ್ರಾಂ
ಬೀಜ ತೆಗೆದ ಮೆತ್ತನೆಯ ಖರ್ಜೂರ 150 ಗ್ರಾಂ
ತುಪ್ಪ 2 ಟೀ ಚಮಚ
ಏಲಕ್ಕಿ 4, ಒಣಶುಂಠಿಯ ಪುಡಿ ಕಾಲು ಟೀ ಚಮಚ

ಮಾಡುವ ಕ್ರಮ

ದಪ್ಪ ತಳದ ಬಾಣಲೆಯಲ್ಲಿ ಓಟ್ಸನ್ನು ಸಣ್ಣ ಉರಿಯಲ್ಲಿ ಐದಾರು ನಿಮಿಷ, ಬಣ್ಣ ತುಸು ತಿರುಗುವವರೆಗೆ ಕೈಬಿಡದೆ ಹುರಿಯಿರಿ. ಕಡಲೆಕಾಯಿ ಬೀಜವನ್ನೂ ಎಳ್ಳನ್ನೂ ಬೇರೆಬೇರೆಯಾಗಿ ಹುರಿದು, ಬೀಜದ ಸಿಪ್ಪೆ ತೆಗೆಯಿರಿ. ಎಲ್ಲವೂ ಪೂರ್ಣವಾಗಿ ಆರಿದ ಮೇಲೆ ಎಳ್ಳೊಂದನ್ನು ಬಿಟ್ಟು ಉಳಿದವನ್ನು ಏಲಕ್ಕಿಯೊಡನೆ ತರಿಯಾಗಿ ಪುಡಿ ಮಾಡಿ. ಖರ್ಜೂರವನ್ನು ನೀರು ಸೇರಿಸದೆ ಅರೆದು, ಪುಡಿ, ಎಳ್ಳು, ಶುಂಠಿ, ತುಪ್ಪಗಳೊಡನೆ ಒಣಗಿದ ಕೈಯಿಂದ ನಾದಿ, ಚಿಕ್ಕ ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಕಟ್ಟಿ. ತೆಂಗಿನ ಹಸಿ ತುರಿ ಹಾಕಿದರೆ ಬೇಗ ಹಳಸುತ್ತದೆ. ಬೇಕೆನಿಸಿದರೆ ಒಣ ಕೊಬ್ಬರಿ ಹಾಕಬಹುದು.

ಖರ್ಜೂರದ ಬದಲು ಜೇನುತುಪ್ಪ ಬಳಸುವವರು ಎರಡು ವಿಷಯಗಳನ್ನು ನೆನಪಿಡಬೇಕು. ಜೇನನ್ನು ಕಾಯಿಸುವುದನ್ನು ಆಯುರ್ವೇದವು ನಿಷೇಧಿಸಿದೆ. ಆದ್ದರಿಂದ ಪುಡಿ ತಣ್ಣಗಾದ ಮೇಲೆಯೇ ಬೆರೆಸಬೇಕು. ಜೇನು, ತುಪ್ಪಗಳನ್ನು ಸಮತೂಕದಲ್ಲಿ ಸೇರಿಸುವುದನ್ನು ವಿರುದ್ಧಾಹಾರವೆಂದು ಹೇಳಿದೆ. ಆದ್ದರಿಂದ ತುಪ್ಪ ಬಹಳ ಕಡಿಮೆಯಿರಲಿ.

ಎಷ್ಟು, ಯಾವಾಗ?

ಸಕ್ತುವಿನ ಗಟ್ಟಿಯಾದ ಉಂಡೆ ಜೀರ್ಣಕ್ಕೆ ಗುರು, ಅದನ್ನೇ ತೆಳುವಾಗಿ ಕಲಸಿದರೆ ಲಘು ಎಂಬುದು ಸುಶ್ರುತಸಂಹಿತೆಯ ಅಭಿಪ್ರಾಯ. ಸಕ್ತುವನ್ನು ರಾತ್ರಿಯಲ್ಲಿ, ಊಟವಾದ ಮೇಲೆ, ದಿನಕ್ಕೆರಡು ಬಾರಿ, ಹೆಚ್ಚು ಪ್ರಮಾಣದಲ್ಲಿ ಸೇವಿಸಬಾರದೆಂದು ಅಷ್ಟಾಂಗಹೃದಯ ಎಚ್ಚರಿಸುತ್ತದೆ. ಆದುದರಿಂದ ಆರೋಗ್ಯವಂತರಿಗೆ ಬೆಳಗಿನ ಉಪಾಹಾರಕ್ಕೂ ಮಧ್ಯಾಹ್ನದ ಊಟಕ್ಕೂ ನಡುವೆ, ಇಲ್ಲವೆ ಸಂಜೆ, ಹಸಿವಾದಾಗ ಒಂದು ಉಂಡೆ ಸಾಕು. ದೈಹಿಕ ಶ್ರಮದವರು, ಬೆಳೆಯುವ ಮಕ್ಕಳು ಎರಡು ತಿನ್ನಬಹುದು. ಚೆನ್ನಾಗಿ ಅಗಿದು ತಿಂದು, ಸ್ವಲ್ಪ ಹೊತ್ತಿನ ನಂತರ ಬಿಸಿನೀರು ಕುಡಿಯುವುದು ಉತ್ತಮ. ನಾರಿನಂಶವಿರುವ ಆಹಾರ ತಿಂದು ದಿನವಿಡೀ ನೀರನ್ನೇ ಕುಡಿಯದಿದ್ದರೆ ಮಲಬದ್ಧತೆ ಹೆಚ್ಚುತ್ತದೆ.

ಓಟ್ಸ್ ಕೊಲೆಸ್ಟರಾಲನ್ನು ತಗ್ಗಿಸುತ್ತದೆ ಎಂಬುದು ನಿಜ. ಆದರೆ ಅದಕ್ಕೆ ದಿನಕ್ಕೆ ಸುಮಾರು 3 ಗ್ರಾಂ ಬೀಟಾ ಗ್ಲುಕಾನ್ ಬೇಕು. ಅಷ್ಟು ದೊರೆಯಲು ಸುಮಾರು 75 ಗ್ರಾಂ ಓಟ್ಸ್ ತಿನ್ನಬೇಕು. ನಮ್ಮ ಒಂದು ಉಂಡೆಯಲ್ಲಿರುವುದು 7 ಗ್ರಾಂ ಮಾತ್ರ. ಹಾಗೆಂದು ಹತ್ತು ಉಂಡೆ ತಿಂದರೆ ಖರ್ಜೂರದ ಸಕ್ಕರೆಯೇ 60 ಗ್ರಾಂ ದಾಟುತ್ತದೆ. ಕೊಲೆಸ್ಟರಾಲಿಗಾಗಿ ಓಟ್ಸ್ ಸೇವಿಸುವವರು ಅದನ್ನು ಬೆಳಗಿನ ಗಂಜಿಯಾಗಿ ಸೇವಿಸಲಿ. ಉಂಡೆಯನ್ನು ಔಷಧವೆಂದು ಎಣಿಸದೆ ತಿನಿಸೆಂದೇ ತಿಳಿಯಲಿ.

ಮಳೆಗಾಲದ ಎಚ್ಚರಿಕೆ

ನಮ್ಮ ಮಲೆನಾಡಿನಲ್ಲಿ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡದು. ವರ್ಷಾಋತುವಿನಲ್ಲಿ ಜಠರಾಗ್ನಿ ಮಂದವಾಗಿರುವುದರಿಂದ, ತಣ್ಣೀರಿನಲ್ಲಿ ಕದಡಿದ ಸಕ್ತುವನ್ನು ಈ ಕಾಲದಲ್ಲಿ ವರ್ಜಿಸಬೇಕೆಂದು ಋತುಚರ್ಯೆಯಲ್ಲಿ ಹೇಳಿದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸಿದ ಓಟ್ಸನ್ನು ಹಾಗೆಯೇ ತಿನ್ನುವವರು ಈ ಮಾತನ್ನು ಗಮನಿಸಬೇಕು. ಮಳೆಗಾಲದ ಉಂಡೆಗೆ ಒಣಶುಂಠಿಯನ್ನು ತಪ್ಪದೆ ಸೇರಿಸಿ. ಮೂರು ನಾಲ್ಕು ದಿನಕ್ಕಾಗುವಷ್ಟೇ ಮಾಡಿ, ಒಣಗಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮುಗ್ಗಲು ವಾಸನೆಯ, ಕಹಿಯಾದ ಕಡಲೆಕಾಯಿ ಬೀಜವನ್ನು ಆರಿಸಿ ಬಿಸಾಡಿ. ಬೂಷ್ಟು ಹಿಡಿದ ಬೀಜದಲ್ಲಿ ಯಕೃತ್ತಿಗೆ ಹಾನಿಕರವಾದ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಹುರಿದರೂ ಅದು ಪೂರ್ಣವಾಗಿ ನಾಶವಾಗದು.

ಯಾರು ಜಾಗ್ರತೆ ವಹಿಸಬೇಕು?

ಮಧುಮೇಹಿಗಳಿಗೆ ದಿನಕ್ಕೆ ಒಂದು ಉಂಡೆಯೇ ಮೇರೆ. ಅದನ್ನು ಬಿಸ್ಕತ್ತಿನ ಬದಲಿಗೆ ತಿನ್ನಬೇಕು, ಬಿಸ್ಕತ್ತಿನ ಜೊತೆಗಲ್ಲ. ಬೆಲ್ಲವಾಗಲಿ ಜೇನಾಗಲಿ ಖರ್ಜೂರವಾಗಲಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಉಂಡೆಯನ್ನು ನೆಚ್ಚಿ ಮಾತ್ರೆಯನ್ನು ನಿಲ್ಲಿಸಕೂಡದು. ಖರ್ಜೂರದಲ್ಲಿ ಪೊಟ್ಯಾಸಿಯಂ ಅಧಿಕವಾದುದರಿಂದ ಮೂತ್ರಪಿಂಡದ ರೋಗಿಗಳು ತಮ್ಮ ವೈದ್ಯರನ್ನು ಕೇಳಿಯೇ ತಿನ್ನಬೇಕು. ಒಂದು ವರ್ಷದೊಳಗಿನ ಮಗುವಿಗೆ ಜೇನನ್ನು ನೆಕ್ಕಿಸಲೂ ಬಾರದು. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ. ನುಣ್ಣಗೆ ಪುಡಿ ಮಾಡಿ ಕೊಡಬೇಕು. ಹಲ್ಲಿಲ್ಲದ ವೃದ್ಧರಿಗೂ ರೋಗದಿಂದ ಚೇತರಿಸಿಕೊಳ್ಳುತ್ತಿರುವವರಿಗೂ ಉಂಡೆಯನ್ನು ಬಿಸಿಹಾಲಿನಲ್ಲಿ ಕದಡಿ ಕೊಟ್ಟರೆ ಸುಲಭವಾಗಿ ಜೀರ್ಣವಾಗುತ್ತದೆ.

ಓಟ್ಸ್ ದೊರೆಯದಿದ್ದರೆ ಚಿಂತೆಯಿಲ್ಲ. ಅದೇ ಅಳತೆಯ ರಾಗಿ ಹುರಿಹಿಟ್ಟಿನಿಂದಲೂ ಈ ಉಂಡೆ ಆಗುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದ್ದು, ಈ ವಿಷಯದಲ್ಲಿ ಓಟ್ಸಿಗಿಂತ ರಾಗಿಯೇ ಬಹಳ ಮೇಲು, ಬೆಲೆಯೂ ಕಡಿಮೆ.

ಇಷ್ಟಲಿಂಗಕ್ಕೆ ಅರ್ಪಿಸಿ ಸ್ವೀಕರಿಸುವ ಆಹಾರವನ್ನು ಪ್ರಸಾದವೆಂದು ಭಾವಿಸುವವರು ನಾವು. ಪ್ರಸಾದವನ್ನು ಕೆಡಿಸಬಾರದೆಂಬ ನಿಯಮವು ತಟ್ಟೆಯಲ್ಲಿ ಬಿಡಬಾರದೆಂಬುದಕ್ಕೆ ಮಾತ್ರ ಸೀಮಿತವಲ್ಲ. ಮಿತಿಮೀರಿ ತಿಂದು ಒಡಲಲ್ಲಿ ಕೆಡಿಸುವುದಕ್ಕೂ ಅದು ಅನ್ವಯಿಸುತ್ತದೆ. ಹಸಿವನ್ನು ನೋಡಿ, ಕಾಲವನ್ನು ನೋಡಿ, ಒಂದು ಉಂಡೆಯನ್ನು ತೃಪ್ತಿಯಿಂದ ಸ್ವೀಕರಿಸಿರಿ.