ಗಣಕಕ್ಕೆ ಪರದೆಯ ಪರಿಚಯ: ಟರ್ಮಿನಲ್ ಎಮ್ಯುಲೇಟರ್ ಕೆಲಸ ಮಾಡುವ ಬಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ ಎಂಬ ಸೂಪರ್ ಕಂಪ್ಯೂಟರ್ ಸ್ಥಾಪನೆಯಾಯಿತು. ಇದರ ಸಾಮರ್ಥ್ಯ 3.3 ಪೆಟಾಫ್ಲಾಪ್. ಅಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕಗಳು. ಇಂತಹ ಯಂತ್ರವನ್ನು ಬಳಸಲು ಅದರ ಮುಂದೆ ಹೋಗಿ ಕೂರಬೇಕಾಗಿಲ್ಲ. ಅನುಮತಿ ಪಡೆದ ಸಂಶೋಧನ ವಿದ್ಯಾರ್ಥಿಯು ಕೆಲವೇ ಕಿಲೋಮೀಟರು ದೂರದ ಕುರುಬರಹಳ್ಳಿಯಲ್ಲಿದ್ದರೂ, ಬೀದರಿನಲ್ಲಿದ್ದರೂ ತನ್ನ ಗಣಕದಲ್ಲಿ ಒಂದು ಕಿಟಕಿ ತೆರೆದು, ಜಾಲದ ಮೂಲಕ ಆದೇಶಗಳನ್ನು ಕಳಿಸಬಹುದು. ಆ ಕಿಟಕಿಯಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಸಾಲು ಸಾಲು ಅಕ್ಷರಗಳು ಮಾತ್ರ. ಇದೇ ಟರ್ಮಿನಲ್ ಎಮ್ಯುಲೇಟರ್.

ದೂರದ ಗಣಕಕ್ಕೆ ಹೀಗೆ ಮೊದಲ ಬಾರಿ ಸಂಪರ್ಕ ಸಾಧಿಸಿದವರಿಗೆ ಕೆಲವು ವಿಚಿತ್ರ ಅನುಭವಗಳಾಗುವುದುಂಟು. ಅಕ್ಷರ ಅಳಿಸುವ ಕೀಲಿ ಒತ್ತಿದರೆ ಅಳಿಸುವ ಬದಲು ಬೇರೇನೋ ಚಿಹ್ನೆ ಮೂಡುತ್ತದೆ. ‘ಟರ್ಮಿನಲ್ ಬಗೆ ಗೊತ್ತಿಲ್ಲ’ ಎಂಬ ದೂರು ಬಂದು ಸಂಪಾದಕ ತಂತ್ರಾಂಶ ತೆರೆಯುವುದೇ ಇಲ್ಲ. ಗಣಕ ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ನಮ್ಮ ಪರದೆ ಯಾವ ಜಾತಿಯದು ಎಂಬುದು ಆ ಗಣಕಕ್ಕೆ ಸರಿಯಾಗಿ ತಿಳಿದಿಲ್ಲ, ಅಷ್ಟೆ.

ಅಂದಿನ ಯಂತ್ರ, ಇಂದಿನ ತಂತ್ರಾಂಶ

ಯೂನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಆಗ ಅದರೊಂದಿಗೆ ಮಾತನಾಡಲು ಇದ್ದ ಸಾಧನ ಟೆಲಿಟೈಪ್, ಅಂದರೆ ದೂರಮುದ್ರಕ. ಕೀಲಿ ಒತ್ತಿದರೆ ಅಕ್ಷರದ ಸಂಕೇತ ತಂತಿಯಲ್ಲಿ ಹೋಗುತ್ತಿತ್ತು. ಗಣಕದ ಉತ್ತರ ಸೆಕೆಂಡಿಗೆ 10 ಅಕ್ಷರಗಳಂತೆ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಯೂನಿಕ್ಸ್‌ನಲ್ಲಿ ಇಂದಿಗೂ ಟರ್ಮಿನಲ್ಲನ್ನು ‘ಟಿಟಿವೈ’ ಎನ್ನುವುದು ಈ ಟೆಲಿಟೈಪಿನ ನೆನಪಿನಲ್ಲಿಯೇ.

ಮುಂದೆ ಕಾಗದದ ಬದಲು ಗಾಜಿನ ಪರದೆ ಬಂತು. ಪರದೆಯಲ್ಲಿ ಅಕ್ಷರವನ್ನು ಬೇಕಾದ ಕಡೆ ಬರೆಯಬಹುದು, ಅಳಿಸಬಹುದು. ಆದರೆ ಹಾಗೆ ಮಾಡೆಂದು ಹೇಳಲು ವಿಶೇಷ ಸಂಕೇತಗಳು ಬೇಕು. ಒಂದೊಂದು ಕಂಪನಿ ಒಂದೊಂದು ಸಂಕೇತವನ್ನು ಆರಿಸಿಕೊಂಡಿತು. 1976ರ ಎಡಿಎಂ-3ಎ ಟರ್ಮಿನಲ್ಲಿಗೆ 26ನೆಯ ಸಂಕೇತವೊಂದನ್ನು ಕಳಿಸಿದರೆ ಸಾಕು, ಪರದೆ ಖಾಲಿಯಾಗುತ್ತಿತ್ತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯು 1978ರಲ್ಲಿ ತಂದ ವಿಟಿ-100ಕ್ಕೆ ಅದು ಅರ್ಥವಾಗದು. ಅದಕ್ಕೆ 27ನೆಯ ಸಂಕೇತವಾದ ‘ಎಸ್ಕೇಪ್’, ಅದರ ಹಿಂದೆಯೇ ಒಂದು ಚೌಕ ಆವರಣ, ಅಂಕಿ 2, ಇಂಗ್ಲಿಷಿನ ದೊಡ್ಡ ಜೆ ಅಕ್ಷರ, ಇಷ್ಟನ್ನು ಕಳಿಸಬೇಕು. ಇಂತಹ ಸರಣಿಗೆ ‘ಎಸ್ಕೇಪ್ ಸರಣಿ’ ಎಂದು ಹೆಸರು.

ವಿಟಿ-100ರ ಪರದೆಯಲ್ಲಿ 80 ಕಂಬಸಾಲು, 24 ಅಡ್ಡಸಾಲು. ಆ ಯಂತ್ರ ಮೂಲೆ ಸೇರಿದರೂ ಅದರ ನುಡಿ ಉಳಿಯಿತು. ಗ್ನೋಮ್ ಟರ್ಮಿನಲ್, ಕಾನ್ಸೋಲ್, 1984ರಲ್ಲಿ ಹುಟ್ಟಿದ ಎಕ್ಸ್‌ಟರ್ಮ್ ಇವೆಲ್ಲ ಮೂಲತಃ ಆ ಯಂತ್ರವನ್ನು ಅನುಕರಿಸುವ ತಂತ್ರಾಂಶಗಳೇ. ಎಮ್ಯುಲೇಟರ್ ಎಂದರೆ ಅನುಕಾರಿ.

ಕಿಟಕಿಯ ಹಿಂದೆ ಏನಿದೆ?

ತಂತಿಯಿಲ್ಲದ ಈ ಟರ್ಮಿನಲ್ಲಿಗೆ ಲಿನಕ್ಸ್ ಒಂದು ತೋರಿಕೆಯ ತಂತಿಯನ್ನು ಒದಗಿಸುತ್ತದೆ. ಇದರ ಹೆಸರು ಹುಸಿ ಟರ್ಮಿನಲ್. ಇದಕ್ಕೆ ಎರಡು ತುದಿ. ಒಂದನ್ನು ಎಮ್ಯುಲೇಟರ್ ಹಿಡಿದಿರುತ್ತದೆ. ಇನ್ನೊಂದಕ್ಕೆ ಆದೇಶಗಳನ್ನು ಓದುವ ‘ಶೆಲ್’ ಅಂಟಿಕೊಂಡಿರುತ್ತದೆ. ನಡುವೆ ಕುಳಿತ ಕರ್ನಲ್ ಕೂಡ ಸುಮ್ಮನಿರುವುದಿಲ್ಲ. ಒತ್ತಿದ ಅಕ್ಷರವನ್ನು ಪರದೆಗೆ ಹಿಂದಿರುಗಿಸುವುದು, ಅಳಿಸುವ ಸಂಕೇತ ಬಂದರೆ ಹಿಂದಿನ ಅಕ್ಷರ ತೆಗೆಯುವುದು, ಕಂಟ್ರೋಲ್-ಸಿ ಬಂದರೆ ಓಡುತ್ತಿರುವ ಕಾರ್ಯಕ್ರಮಕ್ಕೆ ನಿಲ್ಲುವಂತೆ ಸೂಚಿಸುವುದು ಅದರ ಕೆಲಸ.

ಅಳಿಸುವ ಕೀಲಿಯ ತೊಂದರೆ ಹುಟ್ಟುವುದು ಇಲ್ಲಿಯೇ. ಕೆಲವು ಟರ್ಮಿನಲ್ಲುಗಳು ಆ ಕೀಲಿಗೆ 127ನೆಯ ಸಂಕೇತ ಕಳಿಸುತ್ತವೆ, ಕೆಲವು 8ನೆಯದನ್ನು. ಕರ್ನಲ್ ಒಂದನ್ನು ನಿರೀಕ್ಷಿಸುತ್ತಿರುವಾಗ ಇನ್ನೊಂದು ಬಂದರೆ ಅಳಿಸುವಿಕೆ ನಡೆಯದು. ಈ ನಿರೀಕ್ಷೆಯನ್ನು ಬದಲಿಸುವ ಆದೇಶ ‘ಎಸ್‌ಟಿಟಿವೈ’.

ಟರ್ಮ್ ಎಂಬ ಹೆಸರುಚೀಟಿ

ಸಂಪಾದಕ ತಂತ್ರಾಂಶವೊಂದು ನೂರಾರು ಬಗೆಯ ಟರ್ಮಿನಲ್ಲುಗಳ ನುಡಿಯನ್ನು ತಾನೇ ಕಲಿಯಬೇಕೆ? ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ‘ವಿಐ’ ಸಂಪಾದಕವನ್ನು ಬರೆದ ಬಿಲ್ ಜಾಯ್ ಇದಕ್ಕೊಂದು ಉಪಾಯ ಕಂಡುಕೊಂಡರು. ಪ್ರತಿ ಟರ್ಮಿನಲ್ಲಿನ ಗುಣಗಳನ್ನೂ ಒಂದು ಪಟ್ಟಿಯಲ್ಲಿ ಬರೆದಿಡುವುದು, ಕಾರ್ಯಕ್ರಮವು ಹೆಸರು ಹಿಡಿದು ಪಟ್ಟಿಯನ್ನು ನೋಡಿಕೊಳ್ಳುವುದು. ಅದು ‘ಟರ್ಮ್‌ಕ್ಯಾಪ್’. ಅದರ ಸುಧಾರಿತ ರೂಪ ಇಂದಿನ ‘ಟರ್ಮ್‌ಇನ್ಫೋ’.

ಹೆಸರನ್ನು ತಿಳಿಸುವುದು ‘ಟರ್ಮ್’ ಎಂಬ ಪರಿಸರ ಚರ. ಎಮ್ಯುಲೇಟರ್ ತೆರೆದುಕೊಳ್ಳುವಾಗ ‘ನಾನು ಎಕ್ಸ್‌ಟರ್ಮ್-256ಕಲರ್’ ಎಂದು ಅದರಲ್ಲಿ ಬರೆದಿಡುತ್ತದೆ. ಇಲ್ಲಿ ಗಮನಿಸಬೇಕಾದುದೆಂದರೆ, ಟರ್ಮ್ ಯಾವ ಸಾಮರ್ಥ್ಯವನ್ನೂ ಹುಟ್ಟಿಸುವುದಿಲ್ಲ. ಅದು ಬಾಟಲಿಗೆ ಅಂಟಿಸಿದ ಚೀಟಿಯಂತೆ. ಚೀಟಿ ಬದಲಿಸಿದರೆ ಒಳಗಿನ ಔಷಧಿ ಬದಲಾಗದು, ಕುಡಿಯುವವನು ಮೋಸಹೋಗುತ್ತಾನೆ.

ಉದಾಹರಣೆಗೆ, ಎಫ್-1 ಕೀಲಿ ಒತ್ತಿದಾಗ ಎಕ್ಸ್‌ಟರ್ಮ್ ಕಳಿಸುವ ಸರಣಿಯೇ ಬೇರೆ, ಲಿನಕ್ಸಿನ ಬರಿಯ ಕಾನ್ಸೋಲ್ ಕಳಿಸುವುದೇ ಬೇರೆ. ಹೆಸರು ತಪ್ಪಾಗಿದ್ದರೆ ಕಾರ್ಯಕ್ರಮಕ್ಕೆ ಕೀಲಿಯ ಗುರುತು ಹತ್ತುವುದಿಲ್ಲ. ಸರಣಿಯ ತುಣುಕುಗಳು ಕಡತದೊಳಗೇ ಸೇರಿಹೋಗಬಹುದು.

ದೂರದ ಗಣಕದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸುರಕ್ಷಿತ ಸಂಪರ್ಕದ ‘ಎಸ್‌ಎಸ್‌ಎಚ್’ ತಂತ್ರಾಂಶವು ಟರ್ಮ್ ಹೆಸರನ್ನು ಆಚೆಗೆ ದಾಟಿಸುತ್ತದೆ. ಟರ್ಮ್‌ಇನ್ಫೋ ವಿವರವನ್ನು ದಾಟಿಸುವುದಿಲ್ಲ. ನಮ್ಮ ಎಮ್ಯುಲೇಟರ್ ಹೊಸದು, ಆ ಗಣಕದ ಪಟ್ಟಿ ಹಳೆಯದು ಎಂದಾದರೆ ‘ಬಗೆ ಗೊತ್ತಿಲ್ಲ’ ಎಂಬ ಉತ್ತರ ಸಹಜ. ತಾತ್ಕಾಲಿಕವಾಗಿ, ಎರಡಕ್ಕೂ ತಿಳಿದಿರುವ ಸಮೀಪದ ಹೆಸರನ್ನು ಕೊಡಬಹುದು. ಸರಿಯಾದ ಪರಿಹಾರವೆಂದರೆ ನಮ್ಮಲ್ಲಿನ ವಿವರವನ್ನು ‘ಇನ್ಫೋಸಿಎಂಪಿ’ ಆದೇಶದಿಂದ ಹೊರತೆಗೆದು, ಆಚೆ ಕಡೆ ‘ಟಿಐಸಿ’ ಆದೇಶದಿಂದ ನಮ್ಮ ಖಾತೆಯಲ್ಲಿ ಅಳವಡಿಸುವುದು. ಶೆಲ್ಲಿನ ಆರಂಭಿಕ ಕಡತದಲ್ಲಿ ಟರ್ಮ್ ಹೆಸರನ್ನು ಶಾಶ್ವತವಾಗಿ ಬರೆದಿಡುವುದು ಒಳ್ಳೆಯ ಅಭ್ಯಾಸವಲ್ಲ. ಬೇರೊಂದು ಟರ್ಮಿನಲ್ಲಿನಿಂದ ಪ್ರವೇಶಿಸಿದ ದಿನ ಆ ಹೆಸರು ಸುಳ್ಳಾಗುತ್ತದೆ.

ಕನ್ನಡದ ಲೆಕ್ಕ

ಪರಮ್ ಸರಣಿಯ ಗಣಕಗಳನ್ನು ನಿರ್ಮಿಸಿದ ಸಿ-ಡ್ಯಾಕ್ ಸಂಸ್ಥೆಯೇ ಭಾರತೀಯ ಭಾಷೆಗಳ ‘ಜಿಸ್ಟ್’ ಟರ್ಮಿನಲ್ಲುಗಳನ್ನೂ ತಂದಿತ್ತು. ಅದರ ತಂತ್ರಜ್ಞಾನ ಬೆಳೆದದ್ದು ಕಾನ್ಪುರದ ಐಐಟಿಯಲ್ಲಿ. ಗಣಕವು ‘ಇಸ್ಕಿ’ ಸಂಕೇತಗಳನ್ನು ಕಳಿಸಿದರೆ ಸಾಕು. ಒತ್ತಕ್ಷರಗಳನ್ನು ಜೋಡಿಸಿ ತೋರಿಸುವ ಹೊಣೆ ಟರ್ಮಿನಲ್ಲಿನದು. ಇಸ್ಕಿಗೆ 1991ರಲ್ಲಿ ಭಾರತೀಯ ಮಾನಕದ ಮನ್ನಣೆ ದೊರೆಯಿತು.

ಈಗ ಯೂನಿಕೋಡ್ ಇದೆ. ಆದರೂ ತೊಂದರೆ ಪೂರ್ತಿ ನೀಗಿಲ್ಲ. ‘ಕನ್ನಡ’ ಎಂಬ ಪದವನ್ನೇ ನೋಡಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಕ, ನ, ವಿರಾಮ ಚಿಹ್ನೆ, ನ, ಡ ಎಂದು ಐದು ಸಂಕೇತ. ಯುಟಿಎಫ್-8ರಲ್ಲಿ 15 ಬೈಟ್. ವಿರಾಮಕ್ಕೆ ಸೊನ್ನೆ, ಉಳಿದವಕ್ಕೆ ಒಂದೊಂದು ಎಂಬ ರೂಢಿಯ ಎಣಿಕೆಯಲ್ಲಿ ನಾಲ್ಕು ಮನೆ. ಒತ್ತಕ್ಷರ ಜೋಡಿಸಿ ಬರೆಯುವ ಎಮ್ಯುಲೇಟರ್ ಬೇರೆ ಸಂಖ್ಯೆಯ ಮನೆಗಳನ್ನು ಬಳಸಿದರೆ, ಕಾರ್ಯಕ್ರಮ ಎಣಿಸಿದ ಸ್ಥಾನಕ್ಕೂ ಪರದೆಯ ಸ್ಥಾನಕ್ಕೂ ವ್ಯತ್ಯಾಸ ಬಂದು ಸಾಲು ಓರೆಯಾಗುತ್ತದೆ. ಟರ್ಮ್‌ಇನ್ಫೋ ಪಟ್ಟಿಯಲ್ಲಿ ಬಣ್ಣಕ್ಕೆ, ಕೀಲಿಗೆ ಜಾಗವಿದೆ; ಒಂದು ಒತ್ತಕ್ಷರಕ್ಕೆ ಎಷ್ಟು ಮನೆ ಎಂದು ಹೇಳಲು ಜಾಗವಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ ಎಂಬ ಹಳೆಯ ಒಪ್ಪಂದದ ಮಿತಿ ಇದು. ಕನ್ನಡ ಬಲ್ಲ ಎಳೆಯ ತಂತ್ರಜ್ಞರಿಗೆ ಇಲ್ಲಿ ಕೆಲಸ ಬಾಕಿಯಿದೆ.

ಮಾಡಿ ನೋಡಿ

ಶಾಲೆ, ಕಾಲೇಜುಗಳ ಲಿನಕ್ಸ್ ಗಣಕದಲ್ಲಿ ಈ ಪ್ರಯೋಗಗಳನ್ನು ಮಾಡಬಹುದು. ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಬೇಕು.

1. ‘ಟಿಟಿವೈ’ ಆದೇಶ ಕೊಟ್ಟು ನಿಮ್ಮ ಹುಸಿ ಟರ್ಮಿನಲ್ಲಿನ ಹೆಸರು ತಿಳಿಯಿರಿ. ಎರಡನೆಯ ಕಿಟಕಿ ತೆರೆದರೆ ಸಂಖ್ಯೆ ಬದಲಾಗುತ್ತದೆ.

2. ‘ಕ್ಯಾಟ್’ ಎಂದು ಬರೆದು ಎಂಟರ್ ಒತ್ತಿ, ಬಳಿಕ ಬಾಣದ ಕೀಲಿಗಳನ್ನು ಒತ್ತಿರಿ. ಕೀಲಿ ಕಳಿಸುವ ಎಸ್ಕೇಪ್ ಸರಣಿ ಕಣ್ಣಿಗೆ ಕಾಣುತ್ತದೆ. ಕಂಟ್ರೋಲ್-ಸಿ ಒತ್ತಿ ಹೊರಬನ್ನಿ.

3. ಟರ್ಮ್ ಬೆಲೆಯನ್ನು ‘ಡಂಬ್’ ಎಂದು ಬದಲಿಸಿ ‘ಲೆಸ್’ ಆದೇಶದಿಂದ ಒಂದು ಕಡತ ತೆರೆಯಿರಿ. ಪರದೆ ಅದೇ, ಎಮ್ಯುಲೇಟರ್ ಅದೇ. ಆದರೂ ಎಚ್ಚರಿಕೆಯ ಸಂದೇಶ ಏಕೆ ಬಂತು ಎಂಬುದನ್ನು ವಿದ್ಯಾರ್ಥಿಗಳೇ ವಿವರಿಸಲಿ. ಕಿಟಕಿ ಮುಚ್ಚಿ ಹೊಸದನ್ನು ತೆರೆದರೆ ಎಲ್ಲವೂ ಮೊದಲಿನಂತಾಗುತ್ತದೆ.